ಓರಲ್‌ಗೆ ಸೊನ್ನೆ ತಗೊಂಡ ಹುಡುಗಿಗೆ ಸಾಲಿ ಹುಡುಕಿದ್ದು

ರೈಟಿಂಗ್ 25ಕ್ಕ 23, ಓರಲ್ 25ಕ್ಕ 0. ಇಂಗ್ಲಿಷ್, ಕನ್ನಡ, ಗಣಿತ, ಇವಿಎಸ್, ನಾಲ್ಕೂ ಸಬ್ಜೆಕ್ಟ್‌ನ್ಯಾಗ ಹೆಚ್ಚುಕಮ್ಮಿ ಇದ ಕತಿ. 2024ರ ಜನವರಿಯೊಳಗ ಒಂದಿನ ರಾತ್ರಿ ಹತ್ತೂವರಿಗೆ ನನ್ನ ತಂಗಿ ಒಂದನೇತ್ತೆ ಓದೂ ತನ್ನ ಮಗಳ ಆ ರಿಪೋರ್ಟ್ ಕಾರ್ಡಿನ ಫೋಟೋ ಕಳಿಸಿದ್ಲು, ಕೆಳಗ ಏನೂ ಬರದಿದ್ದಿಲ್ಲ. ಫೋನ್ ಹಚ್ಚಿದೆ. ಹಿಂದಿನಿಂದ ಅದ ಹುಡುಗಿ ದನಿ ಕೇಳಾಕತ್ತಿತ್ತು, ತಮ್ಮನ ಜೋಡಿ ಜಗಳ ತಗದು, "ಅದು ನಂದು, ಮುಟ್ಟಿದ್ರ ನೋಡ ಮತ್ತ" ಅಂತ ಮನಿ ಹಾರಿ ಹೋಗೂವಂಗ. ಆ ದನಿ ಸಾಲ್ಯಾಗ ಎಲ್‌ಕೆಜಿಯಿಂದ ಅವತ್ತಿನ ತನಕ ಒಬ್ರೂ ಕೇಳಿದ್ದಿಲ್ಲ.

ಹುಡುಗಿನ್ನ ಇಲ್ಲೆ ಚಿನ್ನಿ ಅಂತ ಕರೀತೀನಿ, ಖರೇ ಹೆಸರು ಬ್ಯಾಡ. ನಾನು ಆಕಿ ದೊಡ್ಡವ್ವ, ಕುಂದಗೋಳ ತಾಲೂಕಿನ ಒಂದು ಸರಕಾರಿ ಸಾಲ್ಯಾಗ 19 ವರ್ಷದಿಂದ ಟೀಚರ್. ತಂಗಿ ಮನಿ ಹುಬ್ಬಳ್ಳಿ ನವನಗರದಾಗ, ಆಕಿ ವಿದ್ಯಾನಗರದ ಒಂದು ಲ್ಯಾಬಿನ್ಯಾಗ ಟೆಕ್ನೀಶಿಯನ್, ಗಂಡ ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಶಿಫ್ಟ್ ಕೆಲಸ, ಮನ್ಯಾಗ ಅಜ್ಜ ಆಯಿ ಅದಾರ. "ಅಕ್ಕಾ, ನೀ ಟೀಚರ್ ಅದೀ, ನೀನ ಹೇಳು" ಅಂತ ಎಲ್ಲಾ ನನ್ನ ಮ್ಯಾಲೆ ಬಂತು. ಖರೇ ಹೇಳಬೇಕಂದ್ರ ಇಂಥ ಹುಡುಗ್ರು ನನ್ನ ಕ್ಲಾಸಿನ್ಯಾಗೂ ಬಂದು ಹೋಗ್ಯಾರ, ಪ್ರಗತಿ ಪತ್ರದಾಗ "ಭಾಳ ಶಾಂತ ಸ್ವಭಾವ" ಅಂತ ಬರದು ಕೈ ತೊಳಕೊಂಡೀನಿ, ಎಷ್ಟು ಮಂದಿಗೆ ಹಂಗ ಬರದೇನೋ ಲೆಕ್ಕ ಇಲ್ಲ.

ಚಿನ್ನಿ ಆವಾಗ ಹೋಗತಿದ್ದ ಸಾಲಿ ದೊಡ್ಡದು, ಹೆಸರು ಮಾಡಿದ್ದು, ಕ್ಲಾಸಿಗೆ 42 ಹುಡುಗ್ರು. ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇತ್ತೆ ತನಕ 30 ಹುಡುಗ್ರಿಗೆ ಒಬ್ಬ ಟೀಚರ್ ಇರಬೇಕು, ಅದನ್ನ ಯಾರೂ ಕೇಳೂದಿಲ್ಲ ಬಿಡ್ರಿ, ನಾವೂ ಕೇಳಿದ್ದಿಲ್ಲ. ಕನ್ನಡ ಮಾತಾಡಿದ್ರ ಐದು ರೂಪಾಯಿ ದಂಡ. ಚಿನ್ನಿಗೆ ಒಂದ ಸಲಾನೂ ದಂಡ ಬೀಳಲಿಲ್ಲ, ಯಾವ ಭಾಷಾನೂ ಆಡದಾಕಿಗೆ ಎಂಥಾ ದಂಡ. ತಂಗಿ ಗಂಡ ಅದನ್ನ ಒಮ್ಮೆ ಹೆಮ್ಮಿಲೆ ಹೇಳಿದ್ದ ಕೂಡ, ನಮ್ಮಾಕಿಗೆ ಇನ್ನೂ ಫೈನ್ ಇಲ್ಲ ನೋಡ್ರಿ ಅಂತ.

ಏನೋ ಐತಿ ಅಂತ ಗೊತ್ತಾಗಿದ್ದು ಡಬ್ಬಿಯಿಂದ. ಯುಕೆಜಿಯೊಳಗ ನಾಕು ದಿವಸ ಡಬ್ಬಿ ಹಂಗ ತುಂಬಿದ್ದು ತುಂಬಿದಂಗ ವಾಪಸ್ ಬಂತು, ಚಪಾತಿ ಸುರುಳಿ, ಒಳಗ ಶೇಂಗಾ ಚಟ್ನಿ, ತುಪ್ಪ, ಆಕಿಗೆ ಜೀವ ಅದು. ಯಾಕ ತಿಂದಿಲ್ಲ ಅಂದ್ರ ಮಾರಿ ಕೆಳಗ. ಐದನೇ ದಿನ ಆಯಿ ಮುಂದ ಹೇಳಿದ್ಲಂತ, ಹೊಸಾ ಡಬ್ಬಿ ಮುಚ್ಚಳ ಬಿಗಿ ಐತಿ, ತಗಿಯಾಕ ಬರಂಗಿಲ್ಲ ಅಂತ. ಬಾಜೂ ಕುಂತ ಹುಡುಗಿಗೆ "ತಗದು ಕೊಡು" ಅನ್ನಾಕ ಆಗದ ನಾಕು ದಿವಸ ಉಪವಾಸ ಕುಂತಿತ್ತು ಕೂಸು. ಸಂಡಾಸದ್ದೂ ಹಂಗ. ಮುಂಜಾನೆ ಎಂಟಕ್ಕ ಹೋದಾಕಿ ಮಧ್ಯಾಹ್ನ ಮೂರಕ್ಕ ಮನಿ ಬಾಗಲಾ ತಗದಕೂಡಲೆ ಬ್ಯಾಗ್ ಒಗದು ಓಡತಿದ್ಲು, ನೀರು ಕುಡಿಯೂದ ಬಿಟ್ಟಿದ್ಲು, ಎರಡು ಸಲ ಉರಿಮೂತ್ರ ಆಗಿ ದವಾಖಾನಿಗೆ ಹೋಗಿ ಬಂದ್ರು. ಡಾಕ್ಟರ್ ನೀರು ಹೆಚ್ಚು ಕುಡಿಸ್ರಿ ಅಂದ್ರು. ಕುಡದ್ರ ಸಾಲ್ಯಾಗ ಕೇಳಬೇಕಾಗ್ತೈತಲ್ಲ, ಅದಕ್ಕ ಕುಡಿಯಂಗಿಲ್ಲ ಅಂತ ಯಾರ ತಲಿಗೂ ಹೊಳಿಲಿಲ್ಲ.

ಒಂದನೇತ್ತೆ ಟೀಚರ್ ಇದನ್ನ ಸೊಕ್ಕು ಅಂತ ತಿಳಕೊಂಡ್ರು. ಅಟೆಂಡೆನ್ಸ್ ಟೈಮಿಗೆ "ಪ್ರೆಸೆಂಟ್ ಮ್ಯಾಮ್" ಅನ್ನೂ ತನಕ ನಿಂದರಸ್ತಿದ್ರು, ಅನ್ನಲಿಲ್ಲಂದ್ರ ಆಬ್ಸೆಂಟ್ ಹಾಕ್ತಿದ್ರು. ಆ ಟೀಚರ್ ಕೆಟ್ಟ ಮನಷ್ಯಾಳಂತ ನಾ ಅನ್ನಂಗಿಲ್ಲ, ಯಾಕಂದ್ರ ನಾ ಮಾಡಿದ್ದೂ ಬ್ಯಾರೆ ಏನಲ್ಲ. ಮದವಿ ಮನ್ಯಾಗ ನಮ್ಮ ಸಾಲಿ ಎಚ್‌ಎಂ (ಮುಖ್ಯ ಶಿಕ್ಷಕಿ) ಸಿಕ್ಕಾಗ ಎಲ್ಲಾರ ಮುಂದ "ಮೇಡಮ್ಮಾರಿಗೆ ನಮಸ್ಕಾರ ಅನ್ನು, ಅಂದ್ರ ಪೇಢಾ ಕೊಡಸ್ತೀನಿ" ಅಂತ ನಾನ ಆಕಿ ಗದ್ದ ಹಿಡದು ಎತ್ತಿದ್ದೆ. ಕಣ್ಣು ಒಂದ ಕಡೆ ನಿಂತು ಬಿಟ್ವು, ಕೈ ತಣ್ಣಗ. ಯಾರೋ "ಮೂಗೀನೇನ ಈಕಿ" ಅಂದ್ರು. ನಾ ನಕ್ಕು ಬಿಟ್ಟೆ. ಪೇಢಾನೂ ಕೊಡಸಲಿಲ್ಲ.

ಮೊದಲ ಕಿವಿ ಟೆಸ್ಟ್ ಮಾಡಿಸಿದ್ವಿ, ನಾರ್ಮಲ್. ಆಮ್ಯಾಲೆ ಧಾರವಾಡದ ಡಿಮ್ಹಾನ್ಸ್‌ಗೆ, ಅಂದ್ರ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಗೆ, ಹೋಗೂ ಮಾತು ಬಂತು. ಆಯಿ ಅತ್ತು ಕರದು ಮಾಡಿದ್ರು, ಹುಚ್ಚರ ದವಾಖಾನಿಗೆ ಕೂಸಿನ್ನ ಒಯ್ತೀರೇನು, ನಾಳೆ ಈಕಿ ಮದವಿ ಆಗೂದು ಬ್ಯಾಡನು ಅಂತ. ನಮ್ಮ ಕಡೆ ಮಂದಿ ಬಾಯಾಗ ಅದಕ್ಕ ಇನ್ನೂ ಅದ ಹೆಸರು. ಅಜ್ಜ ಏನೂ ವಾದ ಮಾಡ್ಲಿಲ್ಲ, ಟೊಪಗಿ ಹಾಕ್ಕೊಂಡು ಮೊದಲ ಹೋಗಿ ಕಾರಿನ್ಯಾಗ ಕುಂತ್ರು.

ಅಲ್ಲೆ ಸೈಕಾಲಜಿಸ್ಟ್ ಚಿನ್ನಿಗೆ ಏನೂ ಕೇಳಲಿಲ್ಲ. ಬಣ್ಣದ ಪೆನ್ಸಿಲ್ ಕೊಟ್ಟು ನಮ್ಮ ಜೋಡಿ ಮಾತಾಡಿದ್ರು, ತಂಗಿ ಫೋನಿನ್ಯಾಗ ಇದ್ದ ವಿಡಿಯೋ ನೋಡಿದ್ರು, ಅದ್ರಾಗ ಈಕಿ ನಾಯಿ ಮರಿಗೆ ಪಾಠ ಹೇಳಾಕತ್ತಾಳ, ಇಂಗ್ಲಿಷ್‌ನ್ಯಾಗ, ಟೀಚರ್ ದನಿ ಮಾಡಿ. ಎರಡನೇ ಭೇಟಿಗೆ ಹೆಸರು ಹೇಳಿದ್ರು, ಸೆಲೆಕ್ಟಿವ್ ಮ್ಯೂಟಿಸಂ. ಒಂದು ಕಡೆ ಆರಾಮ ಮಾತಾಡೂ ಹುಡುಗ್ರು ಇನ್ನೊಂದು ಕಡೆ, ಹೆಚ್ಚಾಗಿ ಸಾಲ್ಯಾಗ, ದನಿ ತಗಿಯಾಕ ಆಗದಂಗ ಆಗೂದು. ಒಂದು ತಿಂಗಳಕ್ಕಿಂತ ಹೆಚ್ಚು ಹಂಗ ಇರಬೇಕು, ಅದೂ ಸಾಲಿಗೆ ಸೇರಿದ ಮೊದಲನೇ ತಿಂಗಳು ಲೆಕ್ಕಕ್ಕಿಲ್ಲ, ಆ ತಿಂಗಳು ಎಷ್ಟೋ ಹುಡುಗ್ರು ಗಪ್ ಇರ್ತಾವ. ಆ ಭಾಷಾ ಬರೂದಿಲ್ಲ ಅನ್ನೂ ಕಾರಣಕ್ಕ ಸುಮ್ನಿದ್ರ ಅದು ಇದಲ್ಲ. ಮನ್ಯಾಗ ಒಂದು ಭಾಷಾ ಸಾಲ್ಯಾಗ ಇನ್ನೊಂದು ಇರೂ ಹುಡುಗ್ರಲ್ಲಿ ಇದು ಸ್ವಲ್ಪ ಹೆಚ್ಚು ಕಾಣತೈತಿ ಅಂತನೂ ಅಂದ್ರು. ಮನಿಗೆ ಬಂದು ನಾ ಓದಿದೆ, ಮೊದಲ ಇದಕ್ಕ ಇಲೆಕ್ಟಿವ್ ಮ್ಯೂಟಿಸಂ ಅಂತಿದ್ರಂತ, ಅಂದ್ರ ಹುಡುಗ್ರು ತಾವ ಬೇಕಂತ ಸುಮ್ನಿರ್ತಾರ ಅನ್ನೂ ಅರ್ಥ ಬರೂವಂಗ, 1994ರಾಗ ಅಮೆರಿಕದ ಮನೋವೈದ್ಯರ ಕೈಪಿಡಿಯೊಳಗ ಆ ಹೆಸರು ಬದಲಿ ಮಾಡಿದ್ರು, 2013ರ ಆವೃತ್ತಿಯೊಳಗ ಆಂಗ್ಸೈಟಿ, ಅಂದ್ರ ಆತಂಕದ ಕಾಯಿಲೆಗಳ ಗುಂಪಿಗೆ ಸೇರಿಸಿದ್ರು. ನಮ್ಮ ಟೀಚರ್‌ಗೋಳ ತಲ್ಯಾಗ ಇನ್ನೂ ಹಳೇ ಹೆಸರ ಐತಿ, ನನ್ನೂ ಸೇರಿಸಿ.

ಭಾಳ ದಿವಸದ ಮ್ಯಾಲೆ ಚಿನ್ನಿನ ಒಮ್ಮೆ ಹಾಸಗ್ಯಾಗ ಮಲಕೊಂಡು ಹೇಳಿದ್ಲು, "ದೊಡ್ಡವ್ವ, ಮಾತು ಇಲ್ಲೀತನಕ ಬರ್ತೈತಿ, ಆಮ್ಯಾಲೆ ಕೊಳ್ಳಾಗ ಕುಂದರ್ತೈತಿ."

ಸೈಕಾಲಜಿಸ್ಟ್ ಕೊಟ್ಟ ಸಲಹೆ ಸಾದಾ ಇತ್ತು: ಒತ್ತಾಯ ಬ್ಯಾಡ, ಲಂಚ ಬ್ಯಾಡ, ಮಾತಾಡಿದ್ರ ಚಪ್ಪಾಳೆನೂ ಬ್ಯಾಡ, ಮತ್ತ ಸಾಲಿಯವರು ಜೋಡಿ ನಿಲ್ಲಬೇಕು. ನಿಲ್ಲಲಿಲ್ಲ. ಚೀಟಿ ಒಯ್ದು ತೋರಿಸಿದ್ರ ಕೋಆರ್ಡಿನೇಟರ್ ಮೇಡಂ "ಹಂಗಾರ ಒಂದನೇತ್ತೆ ರಿಪೀಟ್ ಮಾಡಸ್ರಿ" ಅಂದ್ರು. ಆರ್‌ಟಿಇ 16ನೇ ಕಲಂ ಪ್ರಕಾರ ಒಂದನೇತ್ತೆ ಹುಡುಗ್ರನ್ನ ಹಿಂದ ಉಳಸಾಕ ಬರೂದಿಲ್ಲ, 2019ರ ತಿದ್ದುಪಡಿ ಆದಮ್ಯಾಲೂ ರಾಜ್ಯಗಳಿಗೆ ಆ ಅವಕಾಶ ಸಿಕ್ಕಿದ್ದು 5 ಮತ್ತ 8ಕ್ಕ ಅಷ್ಟ. ಅಷ್ಟು ಹೇಳಿದೆ ನಾನು. "ಮೇಡಂ, ನಾವು ಸಜೆಶನ್ ಕೊಟ್ವಿ ಅಷ್ಟರಿ" ಅಂದ್ರು. ಅವತ್ತ ಹೊರಗ ಬಂದು ಗೇಟಿನ ಬಾಜೂ ಕಬ್ಬಿನ ಹಾಲು ಕುಡಕೋತ ಸಾಲಿ ಬದಲಿ ಮಾಡೂದು ಅಂತ ಠರಾಯಿಸಿದ್ವಿ.

ಫೆಬ್ರವರಿಯಿಂದ ಐದು ಸಾಲಿ ನೋಡಿದ್ವಿ. ಮೊದಲನೇದ್ರಾಗ "ಇಂಟರಾಕ್ಷನ್" ಇತ್ತು. ಹುಡುಗಿನ್ನ ಮೂರು ಮಂದಿ ಮುಂದ ಕುಂದರಿಸಿ ವಾಟ್ ಈಸ್ ಯುವರ್ ನೇಮ್, ಈ ಕಲರ್ ಯಾವುದು ಅಂತ. ಅಂದ್ರ, ಮಾತಾಡಾಕ ಆಗದ ಹುಡುಗಿಗೆ ಸಾಲಿ ಬಾಗಲದಾಗ ಮಾತಿನ ಪರೀಕ್ಷಾ. ಎರಡು ದಿನಕ್ಕ ಮೆಸೇಜ್, ಸೀಟ್ ಫುಲ್. ಕಾಯ್ದೆಯ 13ನೇ ಕಲಂನ್ಯಾಗ ಸಾಫ್ ಬರದೈತಿ, ಹುಡುಗ್ರನ್ನಾಗ್ಲಿ ತಾಯಿ-ತಂದಿನ್ನಾಗ್ಲಿ ಸೋಸಿ ಆರಿಸೂವಂಗಿಲ್ಲ, ಮಾಡಿದ್ರ ಮೊದಲ ಸಲ 25 ಸಾವಿರ ರೂಪಾಯಿ ತನಕ ದಂಡ, ಆಮ್ಯಾಲೆ ಪ್ರತಿ ಸಲ 50 ಸಾವಿರ ತನಕ. ಅದಕ್ಕ ಯಾರೂ ಇಂಟರ್‌ವ್ಯೂ ಅನ್ನೂದಿಲ್ಲ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕಂಪ್ಲೇಂಟ್ ಕೊಡೂದ ಅಂತ ನಾ ಕುಂತಿದ್ದೆ, ತಂಗಿ ಬ್ಯಾಡ ಅಂದ್ಲು, ಕಂಪ್ಲೇಂಟ್ ಕೊಟ್ಟು ಅಲ್ಲೆ ಹಾಕಿದ್ರ ಹುಡುಗಿ ಗತಿ ಏನು, ಹಾಕದಿದ್ರ ಕಂಪ್ಲೇಂಟ್ ಯಾಕ ಅಂತ. ಆಕಿ ಮಾತೂ ಖರೇನ. ಕೊಡಲಿಲ್ಲ. ಸರಕಾರಿ ನೌಕರಿಯೊಳಗ ಇದ್ದೂ ಕೊಡಲಿಲ್ಲ ಅನ್ನೂದು ನನಗಿನ್ನೂ ಚುಚ್ಚತೈತಿ.

ಎರಡನೇದು ಬೈಪಾಸ್ ಕಡೆ, ಕುದುರಿ ಸವಾರಿ, ಎಸಿ ಬಸ್, ಗೋಡೆ ಮ್ಯಾಲೆ "ಕೌನ್ಸೆಲರ್ ರೂಮ್" ಅಂತ ಚೆಂದನ ಬೋರ್ಡ್. ಬಾಗಲಾ ತಗಿರಿ ನೋಡೂನು ಅಂದೆ. ಒಳಗ ಹಳೇ ಆನ್ಸರ್ ಪೇಪರಿನ ಗಂಟು, ಮುರದ ಖುರ್ಚಿ, ಆ್ಯನುವಲ್ ಡೇ ಕಿರೀಟ. ಕೌನ್ಸೆಲರ್ ಮೇಡಂ ವಾರಕ್ಕೊಮ್ಮೆ ಬರ್ತಾರ್ರೀ ಅಂದ್ರು, ಯಾವ ವಾರ ಅಂತ ಕೇಳಿದ್ರ ಒಬ್ಬರು ಮಂಗಳವಾರ ಅಂದ್ರು, ಇನ್ನೊಬ್ಬರು ಶನಿವಾರ. ಸಿಬಿಎಸ್‌ಇ ತನ್ನ ಸಾಲಿಗೋಳಿಗೆ ಕೌನ್ಸೆಲರ್ ಇರಬೇಕಂತ ನಿಯಮ ಮಾಡೇತಿ, ಬೋರ್ಡ್ ಅಂತೂ ಬರಸ್ಯಾರ.

ಮೂರನೇದು ನನಗ ಭಾಳ ಸೇರಿತ್ತು. ಎರಡು ಅಂತಸ್ತಿನ ಮನ್ಯಾಗ ನಡಸೂ ಸಣ್ಣ ಸಾಲಿ, ಕ್ಲಾಸಿಗೆ ಇಪ್ಪತ್ತು ಹುಡುಗ್ರು, ಫೀ ಕಮ್ಮಿ. ಎಲ್ಲಾ ಕೇಳಿ ಅಲ್ಲಿ ಮೇಡಂ ಎದಿ ತಟ್ಟಿ ಹೇಳಿದ್ರು, "ನಮ್ಮ ಕೈಗೆ ಕೊಡ್ರಿ, ಹದಿನೈದು ದಿವಸದಾಗ ಹೆಂಗ ಮಾತಾಡಸ್ತೀವಿ ನೋಡ್ರಿ." ಚಿನ್ನಿ ತನ್ನ ಅವ್ವನ ಸೀರಿ ಸೆರಗು ಹಿಡಕೊಂಡಿದ್ಲು, ಆ ಮಾತು ಕೇಳಿ ಸೆರಗು ಹಿಂಗ ತಿರವಾಕ ಹತ್ತಿದ್ಲು. ಆ ಮೇಡಂದು ಒಳ್ಳೇ ಮನಸು, ಅದ್ರಾಗ ಎರಡು ಮಾತಿಲ್ಲ. ಆದ್ರ ಹದಿನಾರನೇ ದಿವಸ ಏನು ಮಾಡ್ತಾರ? ನಾಲ್ಕನೇ ಸಾಲಿ ಬಗ್ಗೆ ಹೇಳೂದ ಬ್ಯಾಡ, ಅವರು ಕಿವುಡ-ಮೂಕ ಮಕ್ಕಳ ಸಾಲಿಗೆ ಹಾಕ್ರಿ ಅಂದ್ರು, ಚಾ ಕೊಟ್ಟು.

ಐದನೇದು ಧಾರವಾಡದ ಟೋಲ್ ನಾಕಾ ಕಡೆ, ಒಂದು ಟ್ರಸ್ಟ್ ನಡಸೂ ಹಳೇ ಸಾಲಿ, ಗೋಡೆ ಸುಣ್ಣ ಉದರಾಕತ್ತೈತಿ, ಕಂಪ್ಯೂಟರ್ ನಾಕೋ ಐದೋ, ಐದನೇತ್ತೆ ತನಕ ಅಷ್ಟ. ನಾವು ಬುಧವಾರ ಹನ್ನೊಂದಕ್ಕ ಹೋಗಿದ್ವಿ, ಹೇಳದ ಕೇಳದ. ಇದು ನಾನ ಹಾಕಿದ ನಿಯಮ, ಓಪನ್ ಡೇಕ್ಕ ಎಲ್ಲಾ ಸಾಲಿನೂ ಮದವಿ ಮನಿ ಇದ್ದಂಗ ಇರ್ತಾವ. ಎಚ್‌ಎಂ ಮೇಡಂ ಒಬ್ಬ ಹುಡುಗನ ಮಣಕಾಲಿಗೆ ಅರಿಶಿಣ ಹಚ್ಚಾಕತ್ತಿದ್ರು, ಕುಂದರ್ರಿ ಅಂದ್ರು. ತಂಗಿ ಎಲ್ಲಾ ಕತಿ ಹೇಳಿದ್ಲು, ಚೀಟಿ ತೋರಿಸಿದ್ಲು. ಅವರು ಆ ಇಂಗ್ಲಿಷ್ ಹೆಸರು ಓದಿ, "ಇದು ನಾ ಕೇಳಿಲ್ರಿ" ಅಂದ್ರು. ನನ್ನ ಎದಿ ಧಸಕ್ ಅಂತು, ಇದೂ ಹೋತು ಅಂತ. ಆಮ್ಯಾಲೆ ಅವರು ಕೇಳಿದ್ದು ಒಂದ ಪ್ರಶ್ನೆ: "ಸಂಡಾಸಕ್ಕ ಹೋಗಬೇಕಾದ್ರ ಹೆಂಗ ಹೇಳ್ತಾಳ್ರೀ ಈಕಿ?"

ಮೂರು ವರ್ಷ ಹೋದ ಸಾಲಿ, ಹುಡುಕಿದ ನಾಕು ಸಾಲಿ, ಎಲ್ಲೂ ಈ ಪ್ರಶ್ನೆ ಬಂದಿದ್ದಿಲ್ಲ. ತಂಗಿಗೆ ಅಲ್ಲೇ ಅಳು ಬಂತು.

ಹೆಸರು ಹಚ್ಚಿದ ಮ್ಯಾಲೆ ಅವರು ಚಿನ್ನಿ ಕ್ಲಾಸ್ ಬಾಗಲಕ್ಕ ಒಂದು ಮೊಳಿ ಹೊಡದು ದಪ್ಪನ ಕೆಂಪು ಉಲ್ಲನ್ ದಾರ ತೂಗ ಹಾಕಿದ್ರು. ಹೋಗಬೇಕಾದವರು ದಾರ ಕೊಳ್ಳಾಗ ಹಾಕ್ಕೊಂಡು ಹೋಗೂದು, ಬಂದು ತೂಗ ಹಾಕೂದು, ಯಾರೂ ಕೇಳಂಗಿಲ್ಲ. ಚಿನ್ನಿಗಷ್ಟ ಅಲ್ಲ, ಇಡೀ ಕ್ಲಾಸಿಗೆ. ಅಟೆಂಡೆನ್ಸ್‌ಗೂ ಎಲ್ಲಾರೂ ಕೈ ಎತ್ತೂದು. ಖರ್ಚು ಅಂತ ಆಗಿದ್ದು ಆ ಉಲ್ಲನ್ನಿಂದು ಅಷ್ಟ. ಡಬ್ಬಿ ಮುಚ್ಚಳ ಮಾತ್ರ ನಾವ ಸಡಿಲಿದ್ದು ತಂದ್ವಿ.

ತಂಗಿ ಗಂಡಗ ಇದು ಸುತಾರಾಂ ಸೇರಲಿಲ್ಲ. ಸ್ಟೇಟ್ ಸಿಲೆಬಸ್, ಇಂಗ್ಲಿಷ್ ಅಷ್ಟಕ್ಕಷ್ಟ, ನಮ್ಮ ಫ್ಯಾಕ್ಟರಿಯೊಳಗ ಹೆಲ್ಪರ್ ಮಕ್ಕಳು ಸುದ್ದಾ ಇದಕ್ಕಿಂತ ದೊಡ್ಡ ಸಾಲಿಗೆ ಹೋಗ್ತಾರ ಅಂತ ಎರಡು ವಾರ ಮಾರಿ ತಿರುವಿ ಕುಂತ. ಫೀ ಅಲ್ಲೆ 62 ಸಾವಿರ ಇತ್ತು, ಇಲ್ಲೆ 24. ಕಮ್ಮಿ ಆತಲ್ಲ ಅಂದ್ರ ಅದೂ ಸಿಟ್ಟ, ಕಮ್ಮಿ ಐತಿ ಅಂದ್ರ ಏನೋ ಕಮ್ಮಿ ಐತಿ ಅಂತ. ಆಂವನ ಲೆಕ್ಕ ಪೂರ್ತಿ ತಪ್ಪಂತ ನಾ ಅನ್ನಂಗಿಲ್ಲ, ಇಂಗ್ಲಿಷ್ ಇವತ್ತಿಗೂ ಅಲ್ಲೆ ಸಪ್ಪನ ಐತಿ. ಹಳೇ ಸಾಲಿಯವರು ಕಡೀ ಕಂತು ಕಟ್ಟಿದ ಮ್ಯಾಲೆ ಟಿಸಿ ಕೊಟ್ರು, ಎಸ್‌ಎಟಿಎಸ್ (ಸರಕಾರದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ನಂಬರ್ ಟ್ರಾನ್ಸ್‌ಫರ್ ಆಗಾಕ ಮತ್ತೆರಡು ಸಲ ಓಡಾಡಿದ್ವಿ.

ಮೇ ಕಡೀ ವಾರ, ಸಾಲಿ ಇನ್ನೂ ಶುರು ಆಗಿದ್ದಿಲ್ಲ, ಸೈಕಾಲಜಿಸ್ಟ್ ಹೇಳಿದ್ದ ಪ್ರಯೋಗ ಮಾಡಿದ್ವಿ. ಖಾಲಿ ಕ್ಲಾಸಿನ್ಯಾಗ ತಂಗಿ ಮತ್ತ ಚಿನ್ನಿ ಇಬ್ಬರ ಹಾವು-ಏಣಿ ಆಡೂದು, ದಿನಾ ಇಪ್ಪತ್ತು ನಿಮಿಷ. ಮೊದಲನೇ ದಿವಸ ಟೀಚರ್ ಇಲ್ಲ. ಎರಡನೇ ದಿವಸ ಟೀಚರ್ ಹೊರಗ ವರಾಂಡಾದಾಗ ಗಿಡಕ್ಕ ನೀರು ಹಾಕೂದು, ಮೂರನೇ ದಿವಸ ಬಾಗಲದಾಗ, ಆಮ್ಯಾಲೆ ಹಿಂದಿನ ಬೆಂಚಿನ್ಯಾಗ ಬೆನ್ನು ಮಾಡಿ ಕುಂತು ನೋಟ್ಸ್ ತಿದ್ದೂದು. ಟೀಚರ್ ಒಂದು ಹೆಜ್ಜಿ ಒಳಗ ಬಂದಾಗೊಮ್ಮೆ ಚಿನ್ನಿ ದನಿ ಒಂದು ಮೆಟ್ಟಲಾ ಇಳೀತಿತ್ತು, ಮತ್ತ ಮೆಲ್ಲಕ ಏರತಿತ್ತು. ಆರನೇ ದಿವಸ ಟೀಚರ್ ಅದ ಬೆಂಚಿನ್ಯಾಗ ಇದ್ದಾಗ ದಾಳ ಬಿತ್ತು, ಚಿನ್ನಿ ಉಸರಿನ್ಯಾಗ "ನಾಕು" ಅಂದ್ಲು. ಟೀಚರ್ ತಲಿ ಎತ್ತಲಿಲ್ಲ, ಕೆಂಪು ಪೆನ್ನು ಹಂಗ ನಡೀತು. ಆಮ್ಯಾಲೆ ಸ್ಟಾಫ್ ರೂಮಿಗೆ ಹೋಗಿ ನೀರು ಕುಡದು ಕುಂತ್ರಂತ, ಕೈ ನಡಗಾಕತ್ತಿದ್ವು ಅಕ್ಕಾರ ಅಂತ ನನ್ನ ಮುಂದ ಹೇಳಿದ್ರು. ರಜಾದಾಗ ಬಂದು ಇಷ್ಟು ಮಾಡಿದಾಕಿಗೆ ಪಗಾರ ಎಷ್ಟಂತ ಕೇಳಿದೆ. ಇಲ್ಲೆ ಬರಿಯಂಗಿಲ್ಲ, ನಾಚಿಕಿ ಆಗ್ತೈತಿ.

ಇದೆಲ್ಲಾ ಸೀದಾ ಗೆರಿ ಹೊಡದಂಗ ನಡೀಲಿಲ್ಲ. ಜುಲೈದಾಗ ಆ ಟೀಚರ್ ಒಂದು ವಾರ ರಜಾ ಹೋದಾಗ ಬದಲಿ ಬಂದಾಕಿ ಪದ್ಯ ಹೇಳು ಅಂತ ಎಬ್ಬಿಸಿ ನಿಂದರಿಸಿದ್ಲು, ಹುಡುಗಿ ಮತ್ತ ಕಲ್ಲು, ಆಗಸ್ಟ್ ಹದಿನೈದರ ತನಕ ದಾರಾನೂ ಮುಟ್ಟಲಿಲ್ಲ. ದಾರಿಗೆ ತಂದದ್ದು ಒಂದು ಹುಡುಗಿ, ತಂಗಿ ಮನಿ ಹಿಂದಿನ ಓಣ್ಯಾಕಿ, ಅದ ಕ್ಲಾಸ್. ಆಯಿ ಆ ಹುಡುಗಿನ್ನ ಐತವಾರ ಮನಿಗೆ ಕರದು ಗಿರಮಿಟ್ ಮಾಡಿ ಹಾಕಾಕ ಹತ್ತಿದ್ರು, ಮಿರ್ಚಿನೂ. ಡಿಮ್ಹಾನ್ಸ್ ಬ್ಯಾಡ ಅಂದ ಆಯಿನ. ಮನ್ಯಾಗ ಮಾತು ಶುರು ಆದ ಗೆಳತಿ ಜೋಡಿ ಸಾಲಿ ಕಂಪೌಂಡಿನ್ಯಾಗೂ ಕಿವ್ಯಾಗ ಪಿಸಪಿಸ ಶುರು ಆತು. ಓರಲ್ ಮಾರ್ಕ್ಸಿಗೆ ತಂಗಿ ಮನ್ಯಾಗ ಪದ್ಯ ರೆಕಾರ್ಡ್ ಮಾಡಿ ಟೀಚರ್‌ಗೆ ಕಳಸ್ತಾಳ, ಅದಕ್ಕ ಮಾರ್ಕ್ಸ್ ಹಾಕ್ತಾರ.

ಪ್ರಗತಿ ಅಳಿಯೂದು ಹೆಂಗ ಅಂತ ನಾವು ಟೀಚರ್ ಮಂದಿ ಚಾರ್ಟ್ ಹಾಕ್ಕೋತ ಕುಂದರ್ತೀವಿ, ಅಜ್ಜಂದು ಬ್ಯಾರೆ ಲೆಕ್ಕ. ದಿನಾ ಮುಂಜಾನೆ ಅವರ ನವನಗರದಿಂದ ಚಿಗರಿ ಬಸ್ (ಹುಬ್ಬಳ್ಳಿ-ಧಾರವಾಡ ನಡುವಿನ ಬಿಆರ್‌ಟಿಎಸ್ ಬಸ್) ಹತ್ತಿಸಿ ಕರಕೊಂಡು ಹೋಗೂದು. ಬಸ್ಸಿನ್ಯಾಗ ಈಕಿ ಮಾತು ಯಾವ ಸ್ಟಾಪಿಗೆ ನಿಂತಿತು ಅಂತ ಎಲ್‌ಐಸಿ ಡೈರಿಯೊಳಗ ಬರದಾರ. ಜೂನ್‌ದಾಗ "ಸತ್ತೂರು". ಅಂದ್ರ ಸತ್ತೂರು ಸ್ಟಾಪಿನ ಹೆಸರು ಮೈಕಿನ್ಯಾಗ ಬಂದಕೂಡಲೆ ಬಾಯಿ ಬಂದ್. ಸೆಪ್ಟೆಂಬರ್‌ದಾಗ "ವಿದ್ಯಾಗಿರಿ". ದೀಪಾವಳಿ ಮುಗದ ಮ್ಯಾಲೆ "ಟೋಲ್ ನಾಕಾ, ಇಳಿದ ಮೇಲೂ ಸ್ವಲ್ಪ". ಈ ವರ್ಷ ಮೂರನೇತ್ತೆ, ಡೈರಿಯೊಳಗ ಒಂದು ತಿಂಗಳಿಂದ ಒಂದ ಶಬ್ದ ಐತಿ, "ಬೇವಿನ ಗಿಡ". ಅದು ಗೇಟಿನ ಒಳಗ, ಕ್ಲಾಸಿಗೆ ಹದಿನೈದು ಹೆಜ್ಜಿ.

ಕ್ಲಾಸಿನ ಒಳಗ ಈಗ ಮೂರು ಹುಡುಗ್ರು ಮತ್ತ ಒಬ್ಬ ಟೀಚರ್ ಜೋಡಿ ಮಾತಾಡ್ತಾಳ, ಸಣ್ಣ ದನಿಲೆ. ಪ್ರಾರ್ಥನಾದಾಗ ಇಲ್ಲ, ಎಚ್‌ಎಂ ಜೋಡಿ ಇಲ್ಲ, ಗ್ಯಾದರಿಂಗ್‌ನ್ಯಾಗ ಗಿಡ ಆಗಿ ನಿಂತಿದ್ಲು, ಖುಷಿಲೆ. ನೀರು ಕುಡೀತಾಳ. ಉರಿಮೂತ್ರ ಮತ್ತ ಬಂದಿಲ್ಲ. ಯಾರರ ಮನ್ಯಾಗ ಇಂಥ ಹುಡುಗ್ರು ಇದ್ದು ಎಲ್ಲಿ ಕೇಳಬೇಕಂತ ತಿಳೀದಿದ್ರ 14416ಕ್ಕ ಫೋನ್ ಹಚ್ಚಬಹುದು, ಟೆಲಿ ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಾಗೂ ಮಾತಾಡ್ತಾರ. ಆಯಿ ಅಂಥವರು ಮನ್ಯಾಗಿದ್ರ ಅದ ಸುಲಭ.

ಈ ಸಾಲಿ ಐದನೇತ್ತೆಗೆ ಮುಗೀತೈತಿ, ಇನ್ನ ಎರಡು ವರ್ಷ. ತಂಗಿ ಈಗಿಂದನ ಬ್ಯಾರೆ ಸಾಲಿಗೋಳಿಗೆ ಫೋನ್ ಹಚ್ಚಾಕ ಶುರು ಮಾಡ್ಯಾಳ. ಬೋರ್ಡ್, ಫೀ ಏನೂ ಮೊದಲ ಕೇಳಂಗಿಲ್ಲ, "ಹುಡುಗ್ರು ಟಾಯ್ಲೆಟ್‌ಗೆ ಹೋಗಬೇಕಾದ್ರ ನಿಮ್ಮಲ್ಲಿ ಹೆಂಗ್ರಿ?" ಅಂತ ಕೇಳ್ತಾಳ. ಹೋದ ವಾರ ಒಂದು ಸಾಲಿಯ ರಿಸೆಪ್ಶನ್ ಹುಡುಗಿ ಬಲೇ ಉತ್ಸಾಹದಿಂದ ಹೇಳಿದ್ಲಂತ, "ಮೇಡಂ, ಆ ಚಿಂತಿ ಬ್ಯಾಡ್ರಿ, ನಮ್ಮಲ್ಲಿ ಎಲ್ಲಾ ವೆಸ್ಟರ್ನ್ ಅದಾವ್ರಿ."